ಫಿಗರ್ ಸ್ಕೇಟಿಂಗ್‌ನಲ್ಲಿ ಮಗುವನ್ನು ಸ್ಪರ್ಧೆಯ ಮಟ್ಟಕ್ಕೆ ಬೆಳೆಸುವುದು ಹೇಗೆ: ಅಮೆರಿಕದ ಕನ್ನಡ ಪೋಷಕರಿಗೊಂದು ಕೈಪಿಡಿ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಫಿಗರ್ ಸ್ಕೇಟಿಂಗ್ ಯಾರೂ ಯೋಚಿಸಿ ಶುರುಮಾಡಿದ್ದಾಗಿರುವುದಿಲ್ಲ. ಸಹಪಾಠಿಯ ಹುಟ್ಟುಹಬ್ಬಕ್ಕೆಂದು ಐಸ್ ರಿಂಕ್‌ಗೆ ಹೋದ ಮಗು ಬಾಡಿಗೆ ಬೂಟನ್ನು ಬಿಚ್ಚಲು ಒಪ್ಪದೆ ಅಳುತ್ತದೆ, ಮರುವಾರ ಗುಂಪಿನ ತರಗತಿಗೆ ಸೇರುತ್ತದೆ, ಎರಡು ವರ್ಷ ಕಳೆಯುವಷ್ಟರಲ್ಲಿ ಕೋಚ್ ಒಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಸ್ಪರ್ಧೆಗೆ ಸಿದ್ಧಗೊಳಿಸೋಣವೇ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೌದು ಎನ್ನುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಮನೆಗೆ ಆ ಪ್ರಶ್ನೆ ಬಂದಾಗ ನಮಗೆ ಏನೂ ಗೊತ್ತಿರಲಿಲ್ಲ. ರಿಂಕಿನ ತಣ್ಣನೆಯ ಬೆಂಚುಗಳ ಮೇಲೆ ಹತ್ತು ವರ್ಷ ಕುಳಿತು ಕಲಿತದ್ದರಲ್ಲಿ ಅರ್ಧವನ್ನಾದರೂ ಯಾರಾದರೂ ಮೊದಲೇ ಹೇಳಿದ್ದರೆ ಒಂದಿಷ್ಟು ಹಣವೂ ಮಗಳ ಒಂದು ಮೊಣಕಾಲೂ ಉಳಿಯುತ್ತಿದ್ದವು.

ಜುಲೈ 1ರ ಲೆಕ್ಕ

ಕೋಚ್, ಬೂಟು, ಸಂಗೀತ ಎಲ್ಲಕ್ಕಿಂತ ಮೊದಲು ಮಗುವಿನ ಜನ್ಮದಿನಾಂಕವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಸ್ಕೇಟಿಂಗ್‌ನ ವರ್ಷ ಜುಲೈ 1ರಂದು ಆರಂಭವಾಗುತ್ತದೆ. 1892ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ, ಅಂದರೆ ಐಎಸ್‌ಯು, ವಯಸ್ಸನ್ನು ಲೆಕ್ಕ ಹಾಕುವುದು ಆ ದಿನಕ್ಕೇ. ಒಂಟಿ ಸ್ಪರ್ಧೆಯಲ್ಲಿ ಅಂತರರಾಷ್ಟ್ರೀಯ ಜೂನಿಯರ್ ಎನಿಸಲು ಆ ದಿನಕ್ಕೆ ಮುಂಚೆ 13 ತುಂಬಿರಬೇಕು, 19 ತುಂಬಿರಬಾರದು. ಸೀನಿಯರ್ ಎನಿಸಲು 17 ತುಂಬಿರಬೇಕು. 2014ರ ಜೂನ್‌ನಲ್ಲಿ ಹುಟ್ಟಿದ ಮಗುವಿಗೆ 2027–28ರ ಋತುವಿನಲ್ಲೇ ಜೂನಿಯರ್ ಬಾಗಿಲು ತೆರೆದರೆ, ಅದೇ ವರ್ಷದ ಆಗಸ್ಟ್‌ನಲ್ಲಿ ಹುಟ್ಟಿದ ಮಗು ಇನ್ನೊಂದು ಪೂರ್ತಿ ವರ್ಷ ಕಾಯಬೇಕು. ಊರಿನಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಜೂನ್ 1ನ್ನು ನೋಡಿದಂತೆಯೇ ಇದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಶಾಲೆಯ ದಾಖಲೆಯ ಪ್ರಕಾರ ಜೂನ್ 1ರಂದೇ ಹುಟ್ಟಿದವರು. ಇಲ್ಲಿ ಅಂಥ ಹೆಡ್‌ಮಾಸ್ತರರ ಕೃಪೆಗೆ ಅವಕಾಶವಿಲ್ಲ, ಪಾಸ್‌ಪೋರ್ಟ್ ಹೇಳಿದ್ದೇ ಕೊನೆ.

ಈ ಲೆಕ್ಕ ಎಷ್ಟು ನಿಷ್ಠುರ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಅಲಿಸಾ ಲಿಯು ಅವರ ಉದಾಹರಣೆ ಸಾಕು. 2005ರ ಆಗಸ್ಟ್‌ನಲ್ಲಿ ಹುಟ್ಟಿದ ಅವರು 2019ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ 13ನೇ ವಯಸ್ಸಿಗೇ ಸೀನಿಯರ್ ಪ್ರಶಸ್ತಿಯನ್ನು ಗೆದ್ದು, ಆ ದೇಶದ ಅತಿ ಕಿರಿಯ ಮಹಿಳಾ ಚಾಂಪಿಯನ್ ಆದರು. ಆದರೆ ಹಿಂದಿನ ಜುಲೈ 1ಕ್ಕೆ ಅವರಿಗೆ 13 ತುಂಬಿರಲಿಲ್ಲವಾದ್ದರಿಂದ, ದೇಶಕ್ಕೇ ಮೊದಲಿಗಳಾದ ಆ ಹುಡುಗಿ ಆ ವರ್ಷ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ಗೂ ಹೋಗುವಂತಿರಲಿಲ್ಲ.

ಸೀನಿಯರ್ ವಯಸ್ಸು ಮೊದಲು 15 ಇತ್ತು. 2022ರ ಫೆಬ್ರವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸ್ ನಡೆಯುತ್ತಿರುವಾಗಲೇ ರಷ್ಯಾದ 15 ವರ್ಷದ ಕಮಿಲಾ ವಲಿಯೇವಾ ಅವರ ಉದ್ದೀಪನ ಮದ್ದಿನ ಪ್ರಕರಣ ಬೆಳಕಿಗೆ ಬಂದು, ಇಷ್ಟು ಸಣ್ಣ ಮಕ್ಕಳ ಮೇಲೆ ಇಷ್ಟು ಭಾರ ಹೊರಿಸುವುದು ಸರಿಯೇ ಎಂಬ ಹಳೆಯ ಚರ್ಚೆ ಮತ್ತೆ ಕಾವೇರಿತು. ಅದೇ ಜೂನ್‌ನಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಸೇರಿದ ಐಎಸ್‌ಯು ಮಹಾಸಭೆ 16ರ ವಿರುದ್ಧ 100 ಮತಗಳಿಂದ ವಯೋಮಿತಿಯನ್ನು ಹಂತಹಂತವಾಗಿ ಏರಿಸಲು ಒಪ್ಪಿತು. 2023–24ಕ್ಕೆ 16, 2024–25ರಿಂದ 17. ಪೋಷಕರು ಈ ಬದಲಾವಣೆಯ ಅರ್ಥವನ್ನು ಪೂರ್ತಿ ಗ್ರಹಿಸಬೇಕು. ಮೈ ತುಂಬಿಕೊಳ್ಳುವ ಮೊದಲೇ, ಹಗುರವಾದ ಮೈಯ ಬಲದಿಂದ ಕಷ್ಟದ ಜಿಗಿತಗಳನ್ನೆಲ್ಲ ಕಲಿಸಿ 15ಕ್ಕೆ ಪದಕ ಗೆಲ್ಲಿಸುವ ಹಳೆಯ ಲೆಕ್ಕಾಚಾರ ಈಗ ನಡೆಯುವುದಿಲ್ಲ. 17 ದಾಟಿದ, ಬೆಳೆದ ಮೈಯಲ್ಲಿ ನಿಲ್ಲುವ ಜಿಗಿತವೇ ಜಿಗಿತ. ಆದ್ದರಿಂದ ಕೋಚ್‌ರನ್ನು ನೀವು ಕೇಳಬೇಕಾದ ಪ್ರಶ್ನೆ ಟ್ರಿಪಲ್, ಅಂದರೆ ಗಾಳಿಯಲ್ಲಿ ಮೂರು ಸುತ್ತಿನ ಜಿಗಿತ, ಯಾವಾಗ ಬರುತ್ತದೆ ಎಂಬುದಲ್ಲ. ಈಗ ಕಲಿಸುತ್ತಿರುವ ರೀತಿ ಇವಳು ನಾಲ್ಕು ಇಂಚು ಬೆಳೆದ ಮೇಲೂ ಉಳಿಯುತ್ತದೆಯೇ ಎಂಬುದು.

ಹಂತಗಳು, ಮತ್ತು ಜೂನಿಯರ್ ಎಂಬ ಪದದ ಗೊಂದಲ

ಅಮೆರಿಕದಲ್ಲಿ ಈ ಕ್ರೀಡೆಯನ್ನು ನಡೆಸುವುದು 1921ರಲ್ಲಿ ಸ್ಥಾಪನೆಯಾದ, ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಕಚೇರಿಯಿರುವ ಯು.ಎಸ್. ಫಿಗರ್ ಸ್ಕೇಟಿಂಗ್. ಮೊದಲ ಮೆಟ್ಟಿಲು ಲರ್ನ್ ಟು ಸ್ಕೇಟ್ ಯುಎಸ್‌ಎ ಎಂಬ ಗುಂಪಿನ ತರಗತಿ. ಪುಟಾಣಿಗಳಿಗೆ ಸ್ನೋಪ್ಲೌ ಸ್ಯಾಮ್, ಅದಾದ ಮೇಲೆ ಬೇಸಿಕ್ 1ರಿಂದ 6, ನಂತರ ಫ್ರೀ ಸ್ಕೇಟ್‌ನ ಹಂತಗಳು. ಈ ಭಾಗವನ್ನು ಅವಸರಪಡಿಸಬೇಡಿ, ಹೆಚ್ಚು ಯೋಚಿಸಲೂಬೇಡಿ. ಮಗು ನಗುತ್ತ ಹೋಗಿ ನಗುತ್ತ ಬಂದರೆ ಸಾಕು.

ಮುಂದಿನದು ನಮಗೆ ಅಷ್ಟೇನೂ ಅಪರಿಚಿತವಲ್ಲ. ಕರ್ನಾಟಕದಲ್ಲಿ ಸಂಗೀತ, ನೃತ್ಯಗಳಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಿರುವಂತೆ ಇಲ್ಲಿಯೂ ತೀರ್ಪುಗಾರರ ಮುಂದೆ ಸ್ಕೇಟ್ ಮಾಡಿ ಪಾಸಾಗಬೇಕಾದ ಪರೀಕ್ಷೆಗಳ ಸಾಲೇ ಇದೆ. ಒಂದು ಸಾಲು ಬ್ಲೇಡಿನ ಅಂಚಿನ ಮೇಲಿನ ಹಿಡಿತ, ತಿರುವು, ವೇಗಗಳನ್ನು ಅಳೆಯುತ್ತದೆ, ಅದನ್ನು ನಮ್ಮ ಅಡವುಗಳೆನ್ನಬಹುದು. ಇನ್ನೊಂದು ಸಾಲು ಜಿಗಿತ ಮತ್ತು ಸ್ಪಿನ್‌ಗಳದ್ದು, ಅದೇ ಫ್ರೀ ಸ್ಕೇಟ್ ಪರೀಕ್ಷೆ. ಸ್ಪರ್ಧೆಯ ಹಂತಗಳು ಜುವೆನೈಲ್, ಇಂಟರ್‌ಮೀಡಿಯೆಟ್, ನೋವಿಸ್, ಜೂನಿಯರ್, ಸೀನಿಯರ್ ಎಂದು ಏರುತ್ತವೆ. ಗೊಂದಲ ಹುಟ್ಟುವುದು ಇಲ್ಲಿಯೇ. ದೇಶದೊಳಗಿನ ಸ್ಪರ್ಧೆಯಲ್ಲಿ ಜೂನಿಯರ್ ಎಂಬುದು ಮುಖ್ಯವಾಗಿ ಕೌಶಲದ ಮಟ್ಟ, ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದೇ ಪದ ಮುಖ್ಯವಾಗಿ ವಯಸ್ಸಿನ ಗುಂಪು. ಲಿಯು ಒಂದೇ ಋತುವಿನಲ್ಲಿ ದೇಶದ ಸೀನಿಯರ್ ಚಾಂಪಿಯನ್ನೂ ವಿಶ್ವದ ಲೆಕ್ಕದಲ್ಲಿ ಜೂನಿಯರ್ ಕೂಡ ಅಲ್ಲದವರೂ ಆಗಿದ್ದುದು ಇದರಿಂದಲೇ.

ಪರೀಕ್ಷೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮೇಲಿನ ಹಂತದ ಫ್ರೀ ಸ್ಕೇಟ್ ಪರೀಕ್ಷೆ ಪಾಸಾದ ಮೇಲೆ ಕೆಳಗಿನ ಹಂತದಲ್ಲಿ ಸ್ಪರ್ಧಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ನಮ್ಮವರಿಗೆ ಪರೀಕ್ಷೆ ಎಂದರೆ ಬೇಗ ಬರೆದು ಮುಗಿಸಬೇಕಾದ ವಸ್ತು. ಅಂಚಿನ ಪರೀಕ್ಷೆಗಳನ್ನು ಹಾಗೆ ಮುಗಿಸಿದರೆ ಒಳ್ಳೆಯದೇ, ಆದರೆ ಫ್ರೀ ಸ್ಕೇಟ್ ಪರೀಕ್ಷೆಯನ್ನು ಆ ಹಂತದಲ್ಲಿ ಸ್ಪರ್ಧಿಸುವ ಶಕ್ತಿ ಬಂದ ಮೇಲಷ್ಟೇ ತೆಗೆದುಕೊಳ್ಳಬೇಕು. ಡಬಲ್ ಆಕ್ಸೆಲ್ ಎಂಬ ಜಿಗಿತ ಇಲ್ಲದ ಮಗು ಅದಿರುವವರ ನಡುವೆ ವರ್ಷವಿಡೀ ಕೊನೆಯ ಸ್ಥಾನದಲ್ಲಿ ನಿಲ್ಲುವುದು ಯಾರಿಗೂ ಒಳ್ಳೆಯದಲ್ಲ.

ಆಕ್ಸೆಲ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ನಾರ್ವೆಯ ಆಕ್ಸೆಲ್ ಪೌಲ್ಸೆನ್ 1882ರಲ್ಲಿ ತೋರಿಸಿದ ಈ ಜಿಗಿತವೊಂದನ್ನೇ ಮುಂದಕ್ಕೆ ಮುಖಮಾಡಿ ಹಾರುತ್ತಾರೆ, ಹಿಂದಕ್ಕೆ ಮುಖಮಾಡಿ ಇಳಿಯುತ್ತಾರೆ. ಆದ್ದರಿಂದ ಸಿಂಗಲ್ ಎಂದರೂ ಅದು ಒಂದೂವರೆ ಸುತ್ತು. ಉಳಿದ ಐದು ಸಿಂಗಲ್ ಜಿಗಿತಗಳನ್ನು ಒಂದು ವರ್ಷದಲ್ಲಿ ಕಲಿತ ಮಗು ಈ ಒಂದಕ್ಕೆ ಇನ್ನೊಂದು ವರ್ಷ ಬೀಳುತ್ತಲೇ ಇರಬಹುದು. ಆ ವರ್ಷದಲ್ಲಿ ಬಹಳ ಪೋಷಕರು ಕೋಚ್ ಬದಲಾಯಿಸುತ್ತಾರೆ, ಹೊಸ ಕೋಚ್ ಬಂದ ತಿಂಗಳೊಪ್ಪತ್ತಿನಲ್ಲಿ ಆಕ್ಸೆಲ್ ಬರುತ್ತದೆ, ಕೀರ್ತಿ ಅವರಿಗೆ ಹೋಗುತ್ತದೆ. ಹಳಬರೇ ಇದ್ದಿದ್ದರೂ ಅದು ಅದೇ ತಿಂಗಳು ಬರುತ್ತಿತ್ತು ಎಂದು ನನ್ನ ಗುಮಾನಿ.

ಕೋಚ್

ಕೋಚ್‌ರನ್ನು ಆರಿಸುವ ಮೊದಲು ಕನಿಷ್ಠ ಒಂದು ವಾರ ಅವರ ಪಾಠಗಳನ್ನು ದೂರದಿಂದ ನೋಡಿ. ಅವರ ಹೆಸರಾಂತ ಶಿಷ್ಯೆಯನ್ನಲ್ಲ, ಆ ಗುಂಪಿನ ಅತಿ ಸಾಮಾನ್ಯ ಮಗುವನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಗಮನಿಸಿ. ಪಾಠದ ಶುಲ್ಕ ಇಪ್ಪತ್ತು ಇಲ್ಲವೇ ಮೂವತ್ತು ನಿಮಿಷದ ಲೆಕ್ಕದಲ್ಲಿರುತ್ತದೆ, ಐಸ್‌ನ ಬಾಡಿಗೆ ಬೇರೆ, ಸ್ಪರ್ಧೆಗೆ ಬಂದಾಗಿನ ದಿನಭತ್ಯೆ ಮತ್ತು ಪ್ರಯಾಣದ ಪಾಲು ಮತ್ತೂ ಬೇರೆ. ಇವನ್ನೆಲ್ಲ ಮೊದಲ ತಿಂಗಳಲ್ಲೇ ಬರಹದಲ್ಲಿ ಪಡೆಯಿರಿ. ನಮ್ಮವರು ಗುರುವಿನ ಹತ್ತಿರ ಹಣದ ಮಾತಾಡಲು ಸಂಕೋಚಪಡುತ್ತಾರೆ, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕೋಚ್ ಬದಲಾಯಿಸಬೇಕಾಗಿ ಬಂದರೆ ಹಳಬರಿಗೆ ಮೊದಲು ತಿಳಿಸಿ, ಬಾಕಿ ತೀರಿಸಿ, ಆಮೇಲೆ ಹೊಸಬರ ಹತ್ತಿರ ಹೋಗಿ. ರಿಂಕ್ ಎಂಬುದು ಸಣ್ಣ ಊರಿದ್ದಂತೆ, ಸುದ್ದಿ ನಿಮಗಿಂತ ಮೊದಲೇ ತಲುಪಿರುತ್ತದೆ.

ಮಕ್ಕಳ ಸುರಕ್ಷತೆಯ ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಜಿಮ್ನಾಸ್ಟಿಕ್ಸ್‌ನ ಲೈಂಗಿಕ ದೌರ್ಜನ್ಯ ಪ್ರಕರಣಗಳ ಕಾಲದಲ್ಲಿ, 2017ರಲ್ಲಿ, ಯು.ಎಸ್. ಸೆಂಟರ್ ಫಾರ್ ಸೇಫ್‌ಸ್ಪೋರ್ಟ್ ಕೆಲಸ ಆರಂಭಿಸಿತು. ಅದರ ನಿಯಮಗಳ ಪ್ರಕಾರ ಕೋಚ್ ಒಬ್ಬರು ಅಪ್ರಾಪ್ತ ವಯಸ್ಸಿನ ಕ್ರೀಡಾಪಟುವಿನ ಜೊತೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಬ್ಬರೇ ಇರುವಂತಿಲ್ಲ, ಪೋಷಕರನ್ನು ಬಿಟ್ಟು ಮಗುವಿಗೊಬ್ಬರಿಗೇ ಸಂದೇಶ ಕಳಿಸುವಂತಿಲ್ಲ. ದೊಡ್ಡ ಕೋಚ್, ಒಲಿಂಪಿಕ್ಸ್ ಕಂಡವರು, ಹೇಗೆ ಕೇಳುವುದು ಎಂದು ಹಿಂಜರಿಯಬೇಡಿ. ನಮ್ಮ ಮಗಳ ಹಿಂದಿನ ಕೋಚ್ ಒಬ್ಬರು ನೋವಿದ್ದರೂ ಜಿಗಿ ಎನ್ನುತ್ತಿದ್ದರು, ವಾರಕ್ಕೊಮ್ಮೆ ಎಲ್ಲರ ಎದುರು ಮಕ್ಕಳನ್ನು ತೂಕಕ್ಕೆ ನಿಲ್ಲಿಸುತ್ತಿದ್ದರು. ಗುರುವಿಗೆ ಎದುರಾಡಬಾರದು ಎಂಬ ನಮ್ಮ ಸಂಸ್ಕಾರವೇ ನಮ್ಮನ್ನು ಎಂಟು ತಿಂಗಳು ಸುಮ್ಮನೆ ಕೂರಿಸಿತು. ನಾನು ಮೇಲೆ ಹೇಳಿದ ಮೊಣಕಾಲು ಹೋದದ್ದು ಆ ಎಂಟು ತಿಂಗಳಲ್ಲಿ.

ಬೂಟು ಮತ್ತು ಬ್ಲೇಡು

ಮೊದಲ ಜೊತೆಯಲ್ಲಿ ಬೂಟು, ಬ್ಲೇಡು ಕೂಡಿಯೇ ಬರುತ್ತವೆ. ಡಬಲ್ ಜಿಗಿತಗಳು ಶುರುವಾಗುವ ಹೊತ್ತಿಗೆ ಎರಡನ್ನೂ ಬೇರೆಬೇರೆಯಾಗಿ ಕೊಳ್ಳಬೇಕಾಗುತ್ತದೆ. ಎಡಿಯಾ, ಜಾಕ್ಸನ್, ರೀಡೆಲ್, ರಿಸ್ಪೋರ್ಟ್ ಬೂಟಿನ ಹೆಸರುಗಳು. ಜಾನ್ ವಿಲ್ಸನ್ ಮತ್ತು ಎಂಕೆ ಬ್ಲೇಡಿನವು. ಉನ್ನತ ಹಂತದಲ್ಲಿ ಬೂಟು–ಬ್ಲೇಡು ಸೇರಿ ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತವೆ, ಬೆಳೆಯುವ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಬೂಟು ಬದಲಾಗುತ್ತದೆ.

ನಾವು ಮಾಡುವ ತಪ್ಪು ಒಂದೇ, ಶಾಲೆಯ ಯೂನಿಫಾರ್ಮ್ ಹೊಲಿಸುವ ಬುದ್ಧಿಯಿಂದ ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡದನ್ನು ತರುವುದು. ಬೂಟಿನೊಳಗೆ ಹಿಮ್ಮಡಿ ಕದಲಿದರೆ ಜಿಗಿತದ ಭಾರವೆಲ್ಲ ಕಣಕಾಲಿಗೆ ಬೀಳುತ್ತದೆ. ಅದೇ ರೀತಿ, ಮುಂದೆ ಟ್ರಿಪಲ್ ಹಾರುತ್ತಾಳೆಂದು ಸಿಂಗಲ್ ಹಾರುವ ಮಗುವಿಗೆ ಅತಿ ಗಟ್ಟಿ ಬೂಟನ್ನು ತೊಡಿಸಿದರೆ ಅವಳು ಮೊಣಕಾಲನ್ನೂ ಕಣಕಾಲನ್ನೂ ಬಾಗಿಸಲಾರಳು. ಬಾಗದ ಕಾಲಿನಿಂದ ಜಿಗಿತ ಹುಟ್ಟುವುದಿಲ್ಲ. ಈಗಿನ ಪಾದಕ್ಕೆ, ಈಗಿನ ತೂಕಕ್ಕೆ, ಈಗಿನ ಜಿಗಿತಕ್ಕೆ ಒಪ್ಪುವ ಬೂಟನ್ನು ಅಳತೆ ತೆಗೆಯಬಲ್ಲವರ ಹತ್ತಿರವೇ ಕೊಳ್ಳಿ. ಹಳೆಯದನ್ನು ಕ್ಲಬ್ಬಿನ ಇತರ ಮಕ್ಕಳಿಗೆ ಮಾರುವ ಪದ್ಧತಿ ಎಲ್ಲ ಕಡೆಯೂ ಇದೆ, ನಾಚಿಕೆಪಡುವಂಥದ್ದೇನೂ ಅಲ್ಲ.

ಬ್ಲೇಡಿನ ತಳ ಚಪ್ಪಟೆಯಲ್ಲ, ನಡುವೆ ಸಣ್ಣ ತಗ್ಗಿದ್ದು ಎರಡು ಬದಿಗೂ ಅಂಚುಗಳಿರುತ್ತವೆ. ಒಳ ಅಂಚು, ಹೊರ ಅಂಚು ಎಂಬ ಮಾತು ಬಂದದ್ದು ಇಲ್ಲಿಂದ. ಐಸ್ ಹಾಕಿ ಆಟದ ಬೂಟುಗಳಿಗೆ ಸಾಣೆ ಹಿಡಿಯುವ ಅಂಗಡಿಗೆ ಕೊಡಬೇಡಿ, ಬ್ಲೇಡಿನ ಮುಂತುದಿಯ ಹಲ್ಲುಗಳನ್ನು ಸವೆಸಿಬಿಟ್ಟರೆ ಬ್ಲೇಡು ಹಾಳಾದಂತೆಯೇ. ಸ್ಪರ್ಧೆಯ ಹಿಂದಿನ ದಿನ ಸಾಣೆ ಹಿಡಿಸುವುದೂ ಬೇಡ, ಹೊಸ ಅಂಚಿಗೆ ಕಾಲು ಹೊಂದಿಕೊಳ್ಳಲು ಕೆಲವು ದಿನ ಬೇಕು. ಐಸ್‌ನಿಂದ ಹೊರಬಂದೊಡನೆ ಒರೆಸಿ ಬಟ್ಟೆಯ ಕವಚ ಹಾಕಬೇಕು, ಪ್ಲಾಸ್ಟಿಕ್ ಗಾರ್ಡ್‌ನಲ್ಲಿಟ್ಟರೆ ತುಕ್ಕು ಹಿಡಿಯುತ್ತದೆ. ಈ ಕೆಲಸವನ್ನು ಏಳು ವರ್ಷದ ಮಗುವೂ ಕಲಿಯಬಲ್ಲದು, ನೀವು ಮಾಡಿಕೊಡಬೇಡಿ.

ಅಂಕಪಟ್ಟಿಯನ್ನು ಓದುವುದು

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ತೀರ್ಪಿನ ಹಗರಣ ನಡೆದ ಮೇಲೆ, 6.0 ಗರಿಷ್ಠ ಅಂಕವಾಗಿದ್ದ ಹಳೆಯ ಪದ್ಧತಿಯನ್ನು ಕೈಬಿಟ್ಟು ಪ್ರತಿ ಅಂಶಕ್ಕೂ ಪ್ರತ್ಯೇಕ ಬೆಲೆ ಕಟ್ಟುವ ಪದ್ಧತಿಯನ್ನು ತಂದರು. ಪ್ರತಿ ಜಿಗಿತ, ಸ್ಪಿನ್, ಹೆಜ್ಜೆಗಳ ಸಾಲಿಗೂ ಮೂಲಬೆಲೆಯಿದೆ. ತೀರ್ಪುಗಾರರು ಅದರ ಗುಣಮಟ್ಟಕ್ಕೆ –5ರಿಂದ +5ರವರೆಗೆ ಅಂಕ ಕೊಡುತ್ತಾರೆ, ಒಂದೊಂದು ಅಂಕವೂ ಮೂಲಬೆಲೆಯ ನೂರಕ್ಕೆ ಹತ್ತರಷ್ಟು. ಅದರ ಮೇಲೆ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರು ಒಟ್ಟಾರೆ ಅಂಕಗಳು. 2022ಕ್ಕೆ ಮೊದಲು ಇವು ಐದಿದ್ದವು.

ಸ್ಪರ್ಧೆ ಮುಗಿದ ಮೇಲೆ ಸಿಗುವ ಪಟ್ಟಿಯಲ್ಲಿ ಸ್ಥಾನವನ್ನಲ್ಲ, ಚಿಹ್ನೆಗಳನ್ನು ನೋಡಿ. ಜಿಗಿತದ ಹೆಸರಿನ ಮುಂದೆ ಕ್ಯೂ ಅಕ್ಷರವಿದ್ದರೆ ಸುತ್ತು ಸರಿಯಾಗಿ ಕಾಲು ಭಾಗ ಕಡಿಮೆ ಬಿತ್ತೆಂದು ಅರ್ಥ. ಒಂದು ಕೋನದ ಗುರುತಿದ್ದರೆ (<) ಅದಕ್ಕಿಂತ ಹೆಚ್ಚು, ಎರಡು ಕೋನಗಳಿದ್ದರೆ ಅರ್ಧ ಸುತ್ತು ಇಲ್ಲವೇ ಅದಕ್ಕೂ ಹೆಚ್ಚು ಕಡಿಮೆಯಾಗಿ ಇಡೀ ಜಿಗಿತವೇ ಒಂದು ದರ್ಜೆ ಕೆಳಗಿಳಿಯಿತೆಂದು ಅರ್ಥ. ಇ ಅಕ್ಷರ ತಪ್ಪು ಅಂಚಿನಿಂದ ಹಾರಿದ್ದಕ್ಕೆ. ಲುಟ್ಸ್ ಜಿಗಿತವನ್ನು ಹೊರ ಅಂಚಿನಿಂದ ಹಾರಬೇಕು, ಫ್ಲಿಪ್ಪನ್ನು ಒಳ ಅಂಚಿನಿಂದ. ಎಂಟನೇ ವಯಸ್ಸಿನಲ್ಲಿ ಈ ವ್ಯತ್ಯಾಸವನ್ನು ತಿದ್ದದಿದ್ದರೆ ಹದಿನೆಂಟರಲ್ಲೂ ಆ ಇ ಅಕ್ಷರ ಬೆನ್ನು ಬಿಡುವುದಿಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡೋಣ. 2018ರಲ್ಲಿ ಪರಿಷ್ಕರಿಸಿದ ಕೋಷ್ಟಕದಲ್ಲಿ ಟ್ರಿಪಲ್ ಲುಟ್ಸ್‌ಗೆ 5.90, ಡಬಲ್ ಲುಟ್ಸ್‌ಗೆ 2.10, ಡಬಲ್ ಆಕ್ಸೆಲ್‌ಗೆ 3.30. ಜೂನಿಯರ್ ಹುಡುಗಿಯೊಬ್ಬಳು ಇನ್ನೂ ಹಣ್ಣಾಗದ ಟ್ರಿಪಲ್ ಲುಟ್ಸ್‌ಗೆ ಕೈಹಾಕಿ ಅರ್ಧ ಸುತ್ತು ಕಡಿಮೆಯಾಗಿ ಬಿದ್ದಳೆನ್ನಿ. ಅದು ಡಬಲ್ ಎಂದೇ ಪರಿಗಣಿತವಾಗಿ 2.10 ಆಗುತ್ತದೆ, ತೀರ್ಪುಗಾರರೆಲ್ಲ –5 ಕೊಟ್ಟರೆ 1.05 ಹೋಗಿ 1.05 ಉಳಿಯುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆದರೆ ಕೈಗೆ ಸಿಗುವುದು 0.05. ಅದೇ ಜಾಗದಲ್ಲಿ ಚೊಕ್ಕವಾದ ಡಬಲ್ ಆಕ್ಸೆಲ್ ಹಾರಿ +2 ಪಡೆದಿದ್ದರೆ 3.96 ಸಿಗುತ್ತಿತ್ತು. ಟ್ರಿಪಲ್ ಇಲ್ಲವೇ ಇಲ್ಲವಲ್ಲ ಎಂದು ಬೆಂಚಿನ ಮೇಲೆ ನಿಟ್ಟುಸಿರು ಬಿಡುವ ಅಪ್ಪ–ಅಮ್ಮಂದಿರು ಈ ಲೆಕ್ಕವನ್ನೊಮ್ಮೆ ಮಾಡಿಯೇ ಬಿಡಬೇಕು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಾಲು ಬದಲಾಯಿಸಿ ಮಾಡುವ ಸಂಯುಕ್ತ ಸ್ಪಿನ್ ನಾಲ್ಕನೇ, ಅಂದರೆ ಅತಿ ಮೇಲಿನ, ಮಟ್ಟವನ್ನು ಮುಟ್ಟಿದರೆ ಅದರ ಮೂಲಬೆಲೆ 3.50, ಡಬಲ್ ಆಕ್ಸೆಲ್‌ಗಿಂತ ಹೆಚ್ಚು. ಸ್ಪಿನ್‌ನಲ್ಲಿ ಕಾಲಿಗೆ ಹೊಡೆತವಿಲ್ಲ, ಬೀಳುವ ಭಯ ಕಡಿಮೆ, ಮೈ ಬೆಳೆದರೂ ಕಲಿತದ್ದು ಕೈಕೊಡುವುದಿಲ್ಲ. ಎತ್ತರ ಸರಸರನೆ ಏರುವ ವರ್ಷಗಳಲ್ಲಿ ಜಿಗಿತದ ಸಂಖ್ಯೆಯನ್ನು ಇಳಿಸಿ ಆ ಸಮಯವನ್ನು ಸ್ಪಿನ್‌ಗೂ ಹೆಜ್ಜೆಗಳಿಗೂ ಕೊಡುವುದು ಮೈಗೂ ಅಂಕಪಟ್ಟಿಗೂ ಲಾಭವೇ.

ಉಡುಪಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅದೂ ಅಂಕದ ಮಾತೇ. ಉಡುಪಿನಿಂದ ಹರಳೋ ಗರಿಯೋ ಐಸ್ ಮೇಲೆ ಬಿದ್ದರೆ ಒಂದು ಅಂಕ ಕಡಿತವಾಗುತ್ತದೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ರವಿಕೆಗೆ ಕುಸುರಿ ಹಾಕುವವರ ಹತ್ತಿರ ಅಗ್ಗದಲ್ಲಿ, ಅಂದವಾಗಿ ಹೊಲಿಸಿ ತರಬಹುದು, ನಾವೂ ತಂದಿದ್ದೇವೆ. ಆದರೆ ಬಟ್ಟೆ ನಾಲ್ಕೂ ಕಡೆ ಹಿಗ್ಗುವಂಥದ್ದಾಗಿರಬೇಕು, ಹರಳನ್ನು ಅಂಟಿಸದೆ ಹೊಲಿದು ಕೂರಿಸಿರಬೇಕು. ಸಂಗೀತದಲ್ಲಿ 2014–15ರಿಂದ ಒಂಟಿ ಸ್ಪರ್ಧೆಗಳಿಗೂ ಸಾಹಿತ್ಯವಿರುವ ಹಾಡುಗಳಿಗೆ ಒಪ್ಪಿಗೆಯಿದೆ. ಮಿಷಿಗನ್‌ನಲ್ಲಿ ಬೆಳೆದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಜೋಡಿ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ಕುಣಿದು ಐಸ್ ಡಾನ್ಸ್‌ನ ಬೆಳ್ಳಿ ಗೆದ್ದಿತ್ತು. ಹಾಗಾಗಿ ಮಗಳು ನಮ್ಮ ಸಂಗೀತವನ್ನು ಬಯಸಿದರೆ ತೀರ್ಪುಗಾರರಿಗೆ ಅರ್ಥವಾಗದೆಂದು ತಡೆಯಬೇಡಿ, ಹಾಡಿನ ಹಕ್ಕುಗಳ ಅನುಮತಿಯನ್ನು ಮಾತ್ರ ಋತು ಆರಂಭವಾಗುವ ಮೊದಲೇ ನೋಡಿಕೊಳ್ಳಿ.

ಮೈ, ಊಟ, ಮಾತ್ರೆ

ಟ್ರಿಪಲ್ ಜಿಗಿತದಿಂದ ಇಳಿಯುವಾಗ ಒಂದೇ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ, ಅದೂ ಪ್ರತಿ ಬಾರಿ ಅದೇ ಕಾಲಿಗೆ. ಮೊಣಕಾಲಿನ ಕೆಳಗೆ ಉಬ್ಬಿ ನೋಯುವುದು, ಸೊಂಟದ ನೋವು, ಪಾದದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇವೆಲ್ಲ ಬೆಳೆಯುವ ಸ್ಕೇಟರ್‌ಗಳಲ್ಲಿ ಸಾಮಾನ್ಯ. ಒಂದೇ ಜಾಗದಲ್ಲಿ ಎರಡು ವಾರ ನೋವು ಉಳಿದರೆ ಕೋಚ್‌ರ ಅಭಿಪ್ರಾಯಕ್ಕೆ ಕಾಯದೆ ಕ್ರೀಡಾ ವೈದ್ಯರ ಹತ್ತಿರ ಹೋಗಿ. ಎಷ್ಟು ಜಿಗಿತ ಮಾಡಿದಳೆಂದು ದಿನವೂ ಒಂದು ಪುಸ್ತಕದಲ್ಲಿ ಮಗುವೇ ಬರೆದಿಡಲಿ, ವೈದ್ಯರಿಗೆ ಅದಕ್ಕಿಂತ ಉಪಯುಕ್ತ ದಾಖಲೆ ಇಲ್ಲ.

ಊಟದ ವಿಷಯದಲ್ಲಿ ನಮ್ಮ ಮನೆಗಳು ಒಳ್ಳೆಯ ಸ್ಥಿತಿಯಲ್ಲೇ ಇವೆ. ರಾಗಿ, ಹೆಸರುಕಾಳು, ಮೊಸರು, ಸೊಪ್ಪಿನ ಸಾರು ಇವೆಲ್ಲ ಬೆಳೆಯುವ ಮೂಳೆಗೆ ಬೇಕಾದವೇ. ಆದರೆ ಸಸ್ಯಾಹಾರಿ ಹುಡುಗಿಯರಲ್ಲಿ ಕಬ್ಬಿಣದ ಅಂಶ, ಬಿ12, ಮತ್ತು ಬಿಸಿಲು ಕಾಣದೆ ರಿಂಕಿನೊಳಗೇ ದಿನ ಕಳೆಯುವುದರಿಂದ ವಿಟಮಿನ್ ಡಿ ಕಡಿಮೆಯಾಗುವ ಸಂಭವವಿರುತ್ತದೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಬೆಳಗಿನ ಐದೂವರೆಯ ಅಭ್ಯಾಸಕ್ಕೆ ಬರಿಹೊಟ್ಟೆಯಲ್ಲಿ ಕಳಿಸಬೇಡಿ, ಒಂದು ಬಾಳೆಹಣ್ಣಾದರೂ ಹೊಟ್ಟೆಗೆ ಹೋಗಿರಲಿ. ಹಗುರಾದರೆ ಎತ್ತರ ಹಾರುತ್ತೀಯೆ ಎಂಬ ಮಾತು ಮನೆಯೊಳಗೆ ತಪ್ಪಿಯೂ ಬರಬಾರದು. ಊರಿಂದ ಬಂದ ನೆಂಟರು ‘ಏನಮ್ಮ, ದಪ್ಪ ಆಗಿದೀಯ’ ಎಂದು ತಮಾಷೆ ಮಾಡುವುದನ್ನೂ ಮೊದಲೇ ತಡೆಯಿರಿ. ಸಾಕಷ್ಟು ತಿನ್ನದೆ ಹೆಚ್ಚು ದುಡಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಆಮೇಲೆ ಬಿರುಕುಗಳು ಬರುತ್ತವೆ. 2014ರ ಸೋಚಿ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದ ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಾಯಾ 2017ರಲ್ಲಿ, ಇನ್ನೂ 19ರಲ್ಲೇ, ಅನೊರೆಕ್ಸಿಯಾ ಎಂಬ, ಊಟ ಬಿಡಿಸುವ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಸ್ಪರ್ಧೆಯಿಂದ ನಿವೃತ್ತರಾದರು.

ಔಷಧಿಯ ವಿಷಯ ನಮ್ಮಂಥ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ವಲಿಯೇವಾ ಅವರ ಮಾದರಿಯಲ್ಲಿ ಸಿಕ್ಕಿದ್ದು ಟ್ರೈಮೆಟಾಜಿಡಿನ್ ಎಂಬ ಹೃದ್ರೋಗದ ಔಷಧಿ. ಅದು ತಾತನ ಮಾತ್ರೆಯಿಂದ ಮೈಸೇರಿತು ಎಂಬುದು ಅವರ ಕಡೆಯ ವಾದವಾಗಿತ್ತು, ಕ್ರೀಡಾ ನ್ಯಾಯಮಂಡಳಿ ಅದನ್ನೊಪ್ಪದೆ 2024ರ ಜನವರಿಯಲ್ಲಿ ನಾಲ್ಕು ವರ್ಷದ ನಿಷೇಧ ವಿಧಿಸಿತು. ಅದೇ ಔಷಧಿಯನ್ನು ಭಾರತದಲ್ಲಿ ಹೃದಯದ ತೊಂದರೆಯಿರುವ ಹಿರಿಯರಿಗೆ ವೈದ್ಯರು ಬರೆದುಕೊಡುತ್ತಾರೆ. ಆರು ತಿಂಗಳಿಗೆ ಬಂದ ಅಜ್ಜ–ಅಜ್ಜಿಯರ ಮಾತ್ರೆಯ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಮಗಳ ವಿಟಮಿನ್ ಮಾತ್ರೆಗಳ ಪಕ್ಕದಲ್ಲೇ ಕುಳಿತಿರುತ್ತದೆ. ಅದನ್ನು ಬೇರೆ ಕೋಣೆಗೆ ಸಾಗಿಸಿ, ಲೋಟ–ಚಮಚಗಳೂ ಬೇರೆಯಿರಲಿ. ಊರಿನಿಂದ ತಂದ ಲೇಹ್ಯ, ಕಷಾಯ, ಶಕ್ತಿಪುಡಿಗಳನ್ನು ಒಳಗೇನಿದೆ ಎಂದು ಪರೀಕ್ಷೆಯಾಗದೆ ಸ್ಪರ್ಧಿಗೆ ಕೊಡಬೇಡಿ. ಶೀತದ ಮಾತ್ರೆಯನ್ನೂ ಆಸ್ತಮಾದ ಇನ್‌ಹೇಲರನ್ನೂ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಸೂಚಿಸುವ ಪಟ್ಟಿಯಲ್ಲಿ ಹುಡುಕಿ ನೋಡಿಯೇ ಕೊಡುವುದು ರೂಢಿಯಾಗಲಿ.

ಹಣ, ಶಾಲೆ, ಕಾಲೇಜು

ಬೇರೆಯವರ ಅಂಕಿಗಳನ್ನು ನಂಬಿ ಲೆಕ್ಕ ಹಾಕಬೇಡಿ. ನಿಮ್ಮ ರಿಂಕಿನ ದರ, ಕೋಚ್‌ರ ದರ, ಸ್ಪರ್ಧೆಗಳ ಊರುಗಳನ್ನು ಹಿಡಿದು ಮುಂದಿನ ಮೂರು ವರ್ಷದ ಪಟ್ಟಿ ಮಾಡಿ, ಅದು ತಮ್ಮನ ಅಥವಾ ತಂಗಿಯ ಪಾಲನ್ನು ತಿನ್ನುತ್ತಿದೆಯೇ ಎಂದು ನೋಡಿ. ತಿನ್ನುತ್ತಿದ್ದರೆ ಸ್ಪರ್ಧೆಗಳನ್ನು ಕಡಿಮೆ ಮಾಡಿ, ಪಾಠಗಳನ್ನಲ್ಲ. 1961ರಲ್ಲಿ ಬ್ರಸೆಲ್ಸ್ ಬಳಿ ವಿಮಾನ ಬಿದ್ದು ಅಮೆರಿಕದ ಇಡೀ ಸ್ಕೇಟಿಂಗ್ ತಂಡ ಅಳಿದಾಗ ಅವರ ನೆನಪಿಗೆ ಸ್ಥಾಪಿಸಿದ ಮೆಮೋರಿಯಲ್ ಫಂಡ್ ಇಂದಿಗೂ ಅರ್ಹ ಸ್ಕೇಟರ್‌ಗಳಿಗೆ ತರಬೇತಿಗೂ ಓದಿಗೂ ನೆರವು ನೀಡುತ್ತದೆ, ಅರ್ಜಿಯ ದಿನಾಂಕವನ್ನು ಗುರುತು ಹಾಕಿಡಿ.

ಸ್ಕೇಟಿಂಗ್‌ನಿಂದ ಕಾಲೇಜಿನ ಶುಲ್ಕ ಮಾಫಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಈಜು, ಟೆನಿಸ್‌ಗಳಂತೆ ಇದು ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಕ್ರೀಡೆಯಲ್ಲ. ಆದರೆ ಓದನ್ನು ಬಿಡಬೇಕೆಂದೂ ಇಲ್ಲ. ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ನೇಥನ್ ಚೆನ್ 2019ರ ವಿಶ್ವ ಪ್ರಶಸ್ತಿಯನ್ನು ಗೆದ್ದದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ. ಮನೆಶಾಲೆಗೆ ಹಾಕುವ ನಿರ್ಧಾರವನ್ನು ಜೂನಿಯರ್ ಹಂತಕ್ಕೆ ಮುಂಚೆ ತೆಗೆದುಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಆಯ್ಕೆ, ದೇಶ, ಮುಂದಿನ ದಾರಿ

ಬೇಸಿಗೆಯ ಅರ್ಹತಾ ಸ್ಪರ್ಧೆಗಳು, ಶರತ್ಕಾಲದ ಸೆಕ್ಷನಲ್ಸ್, ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬ ಕ್ರಮ ದೇಶದೊಳಗಿನದು. ಆಗಸ್ಟ್‌ನಲ್ಲಿ ಶುರುವಾಗುವ ಜೂನಿಯರ್ ಗ್ರ್ಯಾಂಡ್ ಪ್ರಿ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗಳ ಸರಣಿಗೆ ಪೋಷಕರು ಹೆಸರು ನೋಂದಾಯಿಸಲಾಗದು, ಯು.ಎಸ್. ಫಿಗರ್ ಸ್ಕೇಟಿಂಗ್ ಸಂಸ್ಥೆಯೇ ಆರಿಸಿ ಕಳಿಸುತ್ತದೆ. ಒಬ್ಬರಿಗೆ ಹೆಚ್ಚೆಂದರೆ ಎರಡು ಸುತ್ತು, ಅಂಕಗಳಲ್ಲಿ ಮೊದಲ ಆರು ಮಂದಿಗೆ ಫೈನಲ್. ಆಯ್ಕೆಯಲ್ಲಿ ಒಂದು ದಿನದ ಸ್ಥಾನವೇ ಎಲ್ಲವೂ ಅಲ್ಲ. ಅಮೆರಿಕದ ಇಲ್ಯಾ ಮಲಿನಿನ್ 17ನೇ ವಯಸ್ಸಿನಲ್ಲಿ 2022ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯವರಾದರೂ ಬೀಜಿಂಗ್‌ಗೆ ಹೋಗುವ ಮೂವರಲ್ಲಿ ಅವರ ಹೆಸರಿರಲಿಲ್ಲ, ಸಮಿತಿ ಹಲವು ಸ್ಪರ್ಧೆಗಳ ಸಾಧನೆಯನ್ನು ತೂಗಿ ಅನುಭವಿಗಳನ್ನು ಆರಿಸಿತ್ತು. ಅವರು ಅದೇ ಏಪ್ರಿಲ್‌ನಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದರು, ಸೆಪ್ಟೆಂಬರ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಸ್ಪರ್ಧೆಯೊಂದರಲ್ಲಿ ವಿಶ್ವದಲ್ಲೇ ಮೊದಲ ಬಾರಿಗೆ ಕ್ವಾಡ್ರುಪಲ್, ಅಂದರೆ ನಾಲ್ಕೂವರೆ ಸುತ್ತಿನ, ಆಕ್ಸೆಲ್ಲನ್ನು ಹಾರಿದರು.

ಇಲ್ಲಿ ಪೈಪೋಟಿ ಹೆಚ್ಚು, ಭಾರತದ ಪರವಾಗಿ ಸ್ಪರ್ಧಿಸಿದರೆ ಹೇಗೆ ಎಂಬ ಯೋಚನೆ ನಮ್ಮವರಿಗೆ ಬಂದೇ ಬರುತ್ತದೆ. ಒಲಿಂಪಿಕ್ಸ್‌ಗೆ ಆಯಾ ದೇಶದ ಪೌರತ್ವ ಕಡ್ಡಾಯ, ಒಸಿಐ ಕಾರ್ಡ್ ಪೌರತ್ವವಲ್ಲ, ಭಾರತ ಎರಡು ಪೌರತ್ವಗಳನ್ನು ಒಪ್ಪುವುದೂ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗು ಅದನ್ನು ಬಿಡಬೇಕಾಗುತ್ತದೆಂಬುದನ್ನು ಅರಿತೇ ಆ ಮಾತೆತ್ತಿ. ಊರಿನಲ್ಲಿರುವ ತಂಗಿಯ ಮಗಳು ಇದನ್ನು ಕಲಿಯಲು ಬಯಸಿದರೆ ಡೆಹ್ರಾಡೂನ್, ಗುರುಗ್ರಾಮಗಳತ್ತ ನೋಡುವ ಮೊದಲು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ರೋಲರ್ ಸ್ಕೇಟ್ಸ್‌ನ ಕಲಾತ್ಮಕ ವಿಭಾಗಕ್ಕೆ ಕೋಚ್ ಸಿಗುತ್ತಾರೆಯೇ ಎಂದು ವಿಚಾರಿಸಲಿ. ಆಕ್ಸೆಲ್, ಲುಟ್ಸ್, ಸಾಲ್ಕೊ ಅಲ್ಲಿಯೂ ಅವೇ, ಚಕ್ರದ ಮೇಲೆ ಕಲಿತ ಅಂಚಿನ ಅರಿವು ಐಸ್‌ಗೆ ಬಂದಾಗ ವ್ಯರ್ಥವಾಗುವುದಿಲ್ಲ.

ಬಹುತೇಕ ಮಕ್ಕಳು ವಿಶ್ವಮಟ್ಟವನ್ನು ಮುಟ್ಟುವುದಿಲ್ಲ. ಜಿಗಿತ ಕೈಕೊಟ್ಟವರಿಗೆ ಐಸ್ ಡಾನ್ಸ್ ಇದೆ, ಹದಿನಾರು ಮಂದಿ ಒಟ್ಟಾಗಿ ಆಡುವ ಸಿಂಕ್ರೊನೈಸ್ಡ್ ಇದೆ, ಕೋಚಿಂಗ್, ನೃತ್ಯಸಂಯೋಜನೆ, ತೀರ್ಪುಗಾರಿಕೆ, ಹಡಗುಗಳ ಮೇಲಿನ ಐಸ್ ಪ್ರದರ್ಶನಗಳೂ ಇವೆ. ಮಗು ಒಂದು ದಿನ ಸಾಕು ಎಂದರೆ ಋತು ಮುಗಿಯುವವರೆಗೆ ಮಾತ್ರ ಕಾಯಲು ಕೇಳಿ, ಆಮೇಲೂ ಸಾಕು ಎಂದರೆ ಬಿಡಲಿ. ಲಿಯು 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಮರುತಿಂಗಳೇ, 16ನೇ ವಯಸ್ಸಿಗೆ, ನಿವೃತ್ತಿ ಘೋಷಿಸಿದರು. ಕಾಲೇಜು ಸೇರಿ, 2024ರಲ್ಲಿ ತಾವಾಗಿಯೇ ಐಸ್‌ಗೆ ಮರಳಿ, 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2006ರ ನಂತರ ಅಮೆರಿಕದ ಮಹಿಳೆಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನಿಮ್ಮ ಮಗಳು ಬಿಟ್ಟ ಮೇಲೆ ಮಾಡಬೇಕಾದ ಕೆಲಸ ಇಷ್ಟೇ: ಬ್ಲೇಡುಗಳಿಗೆ ಎಣ್ಣೆ ಸವರಿ ಒಣ ಜಾಗದಲ್ಲಿಡಿ, ಪಾಸಾದ ಪರೀಕ್ಷೆಗಳ ದಾಖಲೆಯನ್ನು ಅವಳ ಅಂಕಪಟ್ಟಿಗಳ ಜೊತೆ ಸೇರಿಸಿಡಿ. ಆ ಪರೀಕ್ಷೆಗಳಿಗೆ ಅವಧಿಯಿಲ್ಲ, ಮೂವತ್ತರಲ್ಲಿ ಮರಳಿ ಬಂದರೂ ಅವುಗಳನ್ನು ಮತ್ತೆ ಕಟ್ಟಬೇಕಾಗಿಲ್ಲ.